ಚಾಂಗ್‌ಥಾಂಗ್‌ನಲ್ಲಿ ತೆಗೆದ 600 ಎಂಎಂ ಫೋಟೊ ಎಲ್ಲ ಮಸುಕು, ಲೆನ್ಸ್ ಹೋಗಿದೆಯಾ?

ಬಯಲುಸೀಮೆ:
ತಲೆ ಕೆಟ್ಟು ಕೂತಿದ್ದೇನೆ, ಯಾರಾದರೂ ಸಹಾಯ ಮಾಡಿ. ಜೂನ್‌ನಲ್ಲಿ ಮನೆಯವರ ಜೊತೆ ಲಡಾಖ್‌ನ ಚಾಂಗ್‌ಥಾಂಗ್ ಕಡೆ ಹೋಗಿದ್ದೆ. ತ್ಸೊ ಕಾರ್, ಪುಗಾ, ತ್ಸೊ ಮೊರಿರಿ, ಕೊನೆಗೆ ಹಾನ್ಲೆ. ಟೆಂಟು, ಸ್ಟೌ, ಅಕ್ಕಿ, ಬೇಳೆ ಎಲ್ಲ ಗಾಡಿಗೇ ಹೇರಿಕೊಂಡು ಹೋಗಿದ್ದು. ಇದಕ್ಕೇ ಅಂತ ದುಡ್ಡು ಕೂಡಿಸಿ, ದೂರದ್ದನ್ನು ಹತ್ತಿರ ತೋರಿಸುವ 150-600 ಎಂಎಂ ಜೂಮ್ ಲೆನ್ಸ್ ತಗೊಂಡಿದ್ದೆ. ಹೊರಡುವ ಮುಂಚೆ ಕಬಿನಿಯಲ್ಲಿ ತೆಗೆದು ನೋಡಿದಾಗ ಜಿಂಕೆಯ ರೆಪ್ಪೆಗೂದಲು ಒಂದೊಂದೂ ಬಿಡಿಬಿಡಿಯಾಗಿ ಬಂದಿತ್ತು. ಚಾಂಗ್‌ಥಾಂಗ್‌ನ ಫೋಟೊ ನೋಡಿದರೆ ಅಳು ಬರುತ್ತದೆ. ಕಿಯಾಂಗ್ (ಅಲ್ಲಿನ ಕಾಡುಕತ್ತೆ) ಹಿಂಡು, ಕಪ್ಪು ಕತ್ತಿನ ಕ್ರೇನ್ ಜೋಡಿ, ಹಾನ್ಲೆ ಹತ್ತಿರ ಸಿಕ್ಕ ನರಿ, ಒಂದೂ ಶಾರ್ಪ್ ಇಲ್ಲ. ಎಲ್ಲದರ ಮೇಲೂ ಎಣ್ಣೆ ಸವರಿದ ಹಾಗಿದೆ. ಹೆಚ್ಚಿನವಕ್ಕೆ ಶಟರ್ 1/1600, ಎಫ್ 7.1, ಐಎಸ್‌ಒ 400, ಅಂದರೆ ಕೈ ಅಲುಗಿದ್ದಲ್ಲ. ರಸ್ತೆಯ ಕುಲುಕಾಟಕ್ಕೆ ಒಳಗಿನ ಗಾಜು ಜರುಗಿರಬಹುದಾ? ಸರ್ವಿಸ್‌ನವರಿಗೆ ತೋರಿಸಿದೆ, ಎಲ್ಲ ಸರಿ ಇದೆ ಅಂತ ವಾಪಸ್ ಕೊಟ್ಟರು. ನನಗೆ ನಂಬಿಕೆ ಬರುತ್ತಿಲ್ಲ.

ಮೂರುಕಾಲು:
ನೂರಕ್ಕೆ ನೂರು ಫ್ರಂಟ್ ಫೋಕಸ್, ಅಂದರೆ ಫೋಕಸ್ ಪ್ರಾಣಿಗಿಂತ ಮುಂದೆ ಬೀಳುತ್ತಿದೆ. ಕ್ಯಾಮೆರಾ ಡಿಎಸ್‌ಎಲ್‌ಆರ್ ತಾನೇ? ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ನೋಡುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಎರಡಕ್ಕೂ ಕೂದಲೆಳೆಯಷ್ಟು ತಾಳ ತಪ್ಪಿದರೂ 600ರಲ್ಲಿ ಎದ್ದು ಕಾಣುತ್ತದೆ. ಮೈಕ್ರೊ ಅಡ್ಜಸ್ಟ್ ಮಾಡಿ (ಮೆನುವಿನಲ್ಲಿ ಫೋಕಸನ್ನು ತುಸು ಹಿಂದೆಮುಂದೆ ಸರಿಸುವುದು), +5ರಿಂದ ಶುರು ಮಾಡಿ. ನನ್ನ ಲೆನ್ಸ್‌ಗೆ +8 ಹಾಕಿದ ಮೇಲೆ ಹೊಸ ಲೆನ್ಸ್ ತಗೊಂಡ ಹಾಗಾಯಿತು.

ಬಯಲುಸೀಮೆ:
ಹೌದು ಸಾರ್, ಡಿಎಸ್‌ಎಲ್‌ಆರ್. ಆದರೆ ಲೈವ್ ವ್ಯೂನಲ್ಲೂ, ಅಂದರೆ ಹಿಂದಿನ ಪರದೆ ನೋಡಿಕೊಂಡು, ಒಂದಷ್ಟು ತೆಗೆದಿದ್ದೆ. ಅದರಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸ್ ನೋಡುತ್ತದಲ್ಲ. ಅವೂ ಮಸುಕೇ.

ಮೂರುಕಾಲು:
ಲೈವ್ ವ್ಯೂನಲ್ಲಿ ಪ್ರಾಣಿ ಅಲುಗಾಡಿರುತ್ತದೆ. ಮೊದಲು ಮೈಕ್ರೊ ಅಡ್ಜಸ್ಟ್ ಮಾಡಿ, ಆಮೇಲೆ ಮಾತಾಡೋಣ.

ಮಿಂಚುಳ್ಳಿ:
ಈ ತಾಪತ್ರಯವೇ ಬೇಡ ಅಂತ ನಾನು ಮಿರರ್‌ಲೆಸ್‌ಗೆ ಹೋಗಿಬಿಟ್ಟೆ. ಕಣ್ಣು ಹುಡುಕಿ ಫೋಕಸ್ ಹಿಡಿಯುತ್ತದೆ, ಸೆಕೆಂಡಿಗೆ 20 ಫ್ರೇಮ್. ಜೊತೆಗೆ 500 ಎಂಎಂ ಪ್ರೈಮ್ (ಜೂಮ್ ಇಲ್ಲದ ಲೆನ್ಸ್), ಕಾರ್ಬನ್ ಫೈಬರ್ ಟ್ರೈಪಾಡ್, ಗಿಂಬಲ್ ಹೆಡ್. ಹೋದ ವರ್ಷ ಹಾನ್ಲೆಯಲ್ಲಿ ಪಲ್ಲಾಸ್ ಬೆಕ್ಕು ಸಿಕ್ಕಿತ್ತು, ಮೀಸೆ ಎಣಿಸಬಹುದು ಹಾಗೆ ಬಂದಿದೆ. ನಿಮ್ಮ ಲೆನ್ಸ್ ಮುಂದೆ ಯುವಿ ಫಿಲ್ಟರ್ ಇದೆಯಾ? ಇದ್ದರೆ ಮೊದಲು ಅದನ್ನು ಕಿತ್ತು ಬಿಸಾಕಿ.

ಬಯಲುಸೀಮೆ:
ಇದೆ. ಅಷ್ಟು ಎತ್ತರದಲ್ಲಿ ಯುವಿ ಜಾಸ್ತಿ, ಬೇಕೇ ಬೇಕು ಅಂತ ಅಂಗಡಿಯವರೇ ಹಾಕಿಕೊಟ್ಟರು. ಕಬಿನಿಯಲ್ಲೂ ಅದೇ ಇತ್ತು.

ಮೂರುಕಾಲು:
ಯುವಿ ಫಿಲ್ಟರ್ ತೆಗೆಯಿರಿ ಅನ್ನುವುದು ತಪ್ಪು ಸಲಹೆ. ಚಾಂಗ್‌ಥಾಂಗ್ ಧೂಳು ಅಂದರೆ ಉಪ್ಪು ಬೆರೆತ ಧೂಳು. ತ್ಸೊ ಕಾರ್ ದಂಡೆ ಪೂರ್ತಿ ಬಿಳಿ ಉಪ್ಪೇ. ಮುಂದಿನ ಗಾಜಿಗೆ ಒಂದು ಗೀರು ಬಿದ್ದರೆ ಯಾರು ಕಟ್ಟಿಕೊಡುತ್ತಾರೆ?

ಮಿಂಚುಳ್ಳಿ:
ಧೂಳಿಗೆ ಹುಡ್ (ಲೆನ್ಸ್ ಮುಂದೆ ಹಾಕುವ ಕೊಳವೆ) ಇದೆ, ಬ್ಲೋವರ್ ಇದೆ. ಡಿಜಿಟಲ್ ಸೆನ್ಸರ್ ಮುಂದೆ ಯುವಿ ತಡೆಯುವ ಗಾಜು ಮೊದಲೇ ಇರುತ್ತದೆ. 600 ಎಂಎಂ ಮುಂದೆ ಕಳಪೆ ಗಾಜು ಹಾಕಿದರೆ ಶಾರ್ಪ್‌ನೆಸ್ ಹೋಗುತ್ತದೆ, ಇದು ಯಾವ ಕಾಲದ ವಿಷಯ.

ಮೂರುಕಾಲು:
ಒಳ್ಳೆ ಫಿಲ್ಟರ್‌ಗೂ ಕಳಪೆ ಫಿಲ್ಟರ್‌ಗೂ ವ್ಯತ್ಯಾಸ ಇದೆ. ಎಲ್ಲರೂ ಪ್ರೈಮ್ ಲೆನ್ಸ್ ತಗೊಂಡು ಮೇಲೆ ಇನ್ಶೂರೆನ್ಸ್ ಕಟ್ಟಲು ಆಗುವುದಿಲ್ಲ.

ಗುಬ್ಬಚ್ಚಿ_ಗದಗ:
ಫಿಲ್ಟರ್ ಜಗಳ ಆಮೇಲೆ ಆಡೋಣ ರೀ. ಬಯಲುಸೀಮೆಯವರೇ, ಪ್ರಾಣಿ ಎಷ್ಟು ದೂರ ಇತ್ತು? ಎಷ್ಟು ಹೊತ್ತಿಗೆ ತೆಗೆದಿದ್ದು? ಇವೆರಡನ್ನೂ ನೀವು ಹೇಳೇ ಇಲ್ಲ.

ಬಯಲುಸೀಮೆ:
ದೂರ ಅಂದರೆ ಮೇಡಂ, 250-300 ಮೀಟರ್ ಇರಬಹುದು, ಕ್ರೇನ್ ಇನ್ನೂ ದೂರ. ಹೊತ್ತು ಅಂತ ಏನಿಲ್ಲ, ಕಂಡಾಗೆಲ್ಲ ತೆಗೆದಿದ್ದೇನೆ. ಬಿಸಿಲು ಚೆನ್ನಾಗಿತ್ತು. ಹೆಚ್ಚು ಫೋಟೊ ಹನ್ನೊಂದರಿಂದ ಮೂರು ಗಂಟೆ ಒಳಗಿನವು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವುದು ಆ ಹೊತ್ತಲ್ಲೇ ಅಲ್ವಾ.

ಹೊಸಕೋಟೆ_ಬಸ್:
ಹಾಗಾದರೆ ಲೆನ್ಸ್ ತಂಟೆಗೆ ಹೋಗಬೇಡಿ. ಅದು ಗಾಳಿಯ ಕೆಲಸ.

ಚಾಂಗ್‌ಥಾಂಗ್ ಚಳಿ ಜಾಗ, ಅಲ್ಲಿ ಬಿಸಿಗಾಳಿಯ ನಡುಕ ಎಲ್ಲಿಂದ ಬರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತ್ಸೊ ಕಾರ್ ಇರುವುದು ಸುಮಾರು 4,500 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಮೋಡ ಕಡಿಮೆ, ಮರ ಇಲ್ಲವೇ ಇಲ್ಲ. ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ಮರಳು ಮತ್ತು ಕಲ್ಲು ಬೇಗ ಕಾಯುತ್ತವೆ. ಮೇಲಿನ ಗಾಳಿ ಮಾತ್ರ ತಣ್ಣಗೇ ಇರುತ್ತದೆ. ಕಾದ ಗಾಳಿ ಎಳೆ ಎಳೆಯಾಗಿ ಮೇಲೆದ್ದು ತಣ್ಣನೆ ಗಾಳಿ ಜೊತೆ ಸೇರುವಾಗ ಬೆಳಕು ಅಲ್ಲಲ್ಲಿ ಬಾಗುತ್ತದೆ. ನಿಮ್ಮ ಮತ್ತು ಕಿಯಾಂಗ್ ನಡುವೆ 300 ಮೀಟರ್ ಉದ್ದಕ್ಕೂ ಇದೇ ನಡೆಯುತ್ತಿರುತ್ತದೆ. ಬರಿಗಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, 600 ಎಂಎಂ ಅದನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಶಟರ್ ಎಷ್ಟು ಏರಿಸಿದರೂ ಪ್ರಯೋಜನ ಇಲ್ಲ, ಬಾಗಿದ ಬೆಳಕನ್ನೇ ಬೇಗ ಹಿಡಿದ ಹಾಗಾಗುತ್ತದೆ ಅಷ್ಟೇ.

ಕಂಡುಹಿಡಿಯುವುದು ಸುಲಭ. ಒಂದೇ ಸಲ ಸಾಲಾಗಿ ತೆಗೆದ ಫ್ರೇಮ್‌ಗಳನ್ನು ಪಕ್ಕಪಕ್ಕ ಇಟ್ಟು ಪೂರ್ತಿ ಹಿಗ್ಗಿಸಿ. ಕಿಯಾಂಗ್ ಬೆನ್ನ ಮೇಲೆ ಕಪ್ಪು ಗೆರೆ ಇರುತ್ತದಲ್ಲ, ಅದನ್ನು ನೋಡಿ. ಒಂದು ಫ್ರೇಮ್‌ನಲ್ಲಿ ನೆಟ್ಟಗೆ, ಮುಂದಿನದರಲ್ಲಿ ಅಂಕುಡೊಂಕು ಇದ್ದರೆ ಅದು ಗಾಳಿ. ಫೋಕಸ್ ತಪ್ಪಿದ್ದರೆ ಕಿಯಾಂಗ್‌ಗಿಂತ ಹಿಂದೆಯೋ ಮುಂದೆಯೋ ಎಲ್ಲಾದರೂ ಒಂದು ಪಟ್ಟಿಯಷ್ಟು ಹುಲ್ಲು, ಕಲ್ಲು ಶಾರ್ಪ್ ಆಗಿ ಇರಲೇಬೇಕು.

ಬಯಲುಸೀಮೆ:
ಈಗ ನೋಡಿದೆ. ಗೆರೆ ನಿಜವಾಗಿ ಅಲೆ ಅಲೆಯಾಗಿದೆ, ಮೂರು ಫ್ರೇಮ್‌ನಲ್ಲಿ ಮೂರು ಥರ. ಹಿಂಗಾಲು ಮೊಣಕಾಲ ಹತ್ತಿರ ಮುರಿದು ಅಂಟಿಸಿದ ಹಾಗೆ ಕಾಣುತ್ತದೆ. ಹುಲ್ಲು ಎಲ್ಲೂ ಶಾರ್ಪ್ ಇಲ್ಲ. ಸರಿ, ಮಧ್ಯಾಹ್ನದ್ದು ಒಪ್ಪಿದೆ. ಆದರೆ ಹಾನ್ಲೆಯ ನರಿ ಬೆಳಗ್ಗೆ ಐದೂವರೆಗೆ ಸಿಕ್ಕಿದ್ದು. ಇನ್ನೂ ಬಿಸಿಲು ಬಿದ್ದಿರಲಿಲ್ಲ, ನೀರು ಹೆಪ್ಪುಗಟ್ಟುವ ಚಳಿ. ದೂರವೂ 40 ಮೀಟರ್ ಅಷ್ಟೇ. ಅದೂ ಮಸುಕು!

ಮೂರುಕಾಲು:
ನೋಡಿದಿರಾ? ನಾನು ಮೊದಲೇ ಹೇಳಿದೆ. ಚಳಿಯಲ್ಲಿ, 40 ಮೀಟರ್‌ನಲ್ಲಿ ಬಿಸಿಗಾಳಿ ಎಲ್ಲಿಂದ ಬಂತು? ಮೈಕ್ರೊ ಅಡ್ಜಸ್ಟ್.

ಮಿಂಚುಳ್ಳಿ:
ಗಾಳಿ ಗೀಳಿ ಎಲ್ಲ ಇರಲಿ, ದೂರ ಇದ್ದರೆ ಹತ್ತಿರ ಹೋಗಬೇಕು ಅಷ್ಟೇ. ನಮ್ಮ ಡ್ರೈವರ್ ರಸ್ತೆ ಬಿಟ್ಟು ಬಯಲಿಗೇ ಇಳಿಸಿ ಕಿಯಾಂಗ್ ಪಕ್ಕ ಓಡಿಸಿದ. ಫ್ರೇಮ್ ತುಂಬ ಬಂತು.

ಗುಬ್ಬಚ್ಚಿ_ಗದಗ:
ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಆ ಎತ್ತರದಲ್ಲಿ, ಅಷ್ಟು ಕಡಿಮೆ ಮೇವಿನಲ್ಲಿ ಬದುಕುವ ಪ್ರಾಣಿ ಅದು. ಸುಮ್ನೆ ಒಂದು ಫೋಟೊಗೆ ಅದನ್ನು ಓಡಿಸಿ ಸುಸ್ತು ಮಾಡುವುದು ಸರಿಯಾ? ಜೂನ್‌ನಲ್ಲಿ ಜೊತೆಗೆ ಮರಿಗಳೂ ಇರಬಹುದು. ಚಾಂಗ್‌ಪಾ ಜನರ ಪಶ್ಮೀನಾ ಮೇಕೆಗಳೂ ಅದೇ ಹುಲ್ಲು ಮೇಯುತ್ತವೆ. ಒಂದು ಸಲ ಚಕ್ರ ಹರಿದ ಹುಲ್ಲು ಅಲ್ಲಿ ಚೇತರಿಸಿಕೊಳ್ಳಲು ವರ್ಷಗಟ್ಟಲೆ ಬೇಕು. ತ್ಸೊ ಕಾರ್ 2020ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಜಾಗ. ಕಪ್ಪು ಕತ್ತಿನ ಕ್ರೇನ್ ಅಲ್ಲಿ ಜೌಗು ನೆಲದಲ್ಲೇ ಗೂಡು ಕಟ್ಟುತ್ತದೆ. ನಾವು ಹತ್ತಿರ ಹೋಗಿ ಕ್ರೇನ್ ಎದ್ದು ಹೋದರೆ ಬೀದಿನಾಯಿಗೆ ಮೊಟ್ಟೆ ತೋರಿಸಿಕೊಟ್ಟ ಹಾಗೆ. ಪಲ್ಲಾಸ್ ಬೆಕ್ಕಿನ ಬಿಲದ ಮುಂದೆ ಗಾಡಿಗಳು ಸಾಲುಗಟ್ಟಿ ನಿಲ್ಲುವುದನ್ನು ನೋಡಿದರೆ ನನಗಂತೂ ಹೊಟ್ಟೆ ಉರಿಯುತ್ತದೆ.

ಮಿಂಚುಳ್ಳಿ:
ನಾನು ಬಿಲದ ಹತ್ತಿರ ಹೋಗಿಲ್ಲ. ಬೆಕ್ಕಿನ ಫೋಟೊ ರಸ್ತೆಯಿಂದಲೇ ತೆಗೆದಿದ್ದು.

ಗುಬ್ಬಚ್ಚಿ_ಗದಗ:
ಒಳ್ಳೆಯದು. ಕಿಯಾಂಗ್‌ಗೂ ಹಾಗೇ ಮಾಡಬಹುದಿತ್ತು. ನಮ್ಮ ಕಡೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಬಾತುಗಳು ಬರುತ್ತವೆ. ಹಿಮಾಲಯದ ಆಚೆಯಿಂದ ಹಾರಿ ಬರುವ ಹಕ್ಕಿಗಳು. ದಂಡೆಯಲ್ಲಿ ಒಂದು ಕಡೆ ಅಲುಗಾಡದೆ ಕೂತರೆ ಅವೇ ಈಜಿಕೊಂಡು ಹತ್ತಿರ ಬರುತ್ತವೆ. ನನ್ನ ಹತ್ತಿರ ಇರುವುದು ಹಳೇ ಕ್ಯಾಮೆರಾ, 300 ಎಂಎಂ. ಅದರಲ್ಲೇ ಗರಿಯ ಅಂಚು ಎಣಿಸುವ ಹಾಗೆ ತೆಗೆದಿದ್ದೇನೆ. ತಾಳ್ಮೆ ಬೇಕು ಅಷ್ಟೇ.

ಹೊಸಕೋಟೆ_ಬಸ್:
ನರಿ ವಿಷಯಕ್ಕೆ ಬರೋಣ. ಬಯಲುಸೀಮೆ ಅವರೇ, ಗಾಡಿಯ ಒಳಗಿಂದ ತೆಗೆದಿರಾ? ಹೀಟರ್ ಹಾಕಿದ್ದಿರಾ?

ಬಯಲುಸೀಮೆ:
ಒಳಗಿಂದಲೇ. ಹೀಟರ್ ಹಾಕದೆ ಆಗುತ್ತದಾ ಸಾರ್, ಹಿಂದೆ ಮಕ್ಕಳು ಮಲಗಿದ್ದರು. ನರಿ ಕಂಡ ತಕ್ಷಣ ಕಿಟಕಿ ಇಳಿಸಿ, ಬೀನ್ ಬ್ಯಾಗ್ ಮೇಲೆ ಲೆನ್ಸ್ ಇಟ್ಟು ತೆಗೆದೆ. ಎಂಜಿನ್ ಆಫ್ ಮಾಡಿಸಿದ್ದೆ.

ಹೊಸಕೋಟೆ_ಬಸ್:
ಸಿಕ್ಕಿತು. ಒಳಗೆ ಬೆಚ್ಚಗೆ, ಹೊರಗೆ ಸೊನ್ನೆ ಡಿಗ್ರಿ. ಕಿಟಕಿ ಇಳಿಸಿದ ಕೂಡಲೇ ಬಿಸಿಗಾಳಿ ಪೂರ್ತಿ ಅದೇ ಕಿಂಡಿಯಿಂದ ಹೊರಗೆ ನುಗ್ಗುತ್ತದೆ, ಸರಿಯಾಗಿ ನಿಮ್ಮ ಲೆನ್ಸ್ ಮುಂದೆಯೇ. 40 ಮೀಟರ್ ದೂರದ ನರಿಗೂ ಇದೇ ಸಾಕು. ಎಂಜಿನ್ ನಿಲ್ಲಿಸಿದ್ದರಿಂದ ನಡುಕ ಹೋಯಿತು, ಗಾಡಿಯೊಳಗಿನ ಬಿಸಿ ಎಲ್ಲಿ ಹೋಗುತ್ತದೆ? ಜೊತೆಗೆ ಲೆನ್ಸೂ ಬೆಚ್ಚಗಿರುತ್ತದೆ. ಉದ್ದ ಹುಡ್ ಒಳಗೂ ಬಿಸಿಗಾಳಿ ಸುತ್ತುತ್ತಿರುತ್ತದೆ.

ಹಾನ್ಲೆ ಗುಡ್ಡದ ಮೇಲೆ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ದೂರದರ್ಶಕ ಇದೆಯಲ್ಲ, ಅದನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದಲ್ಲಿ ನಡೆಸುತ್ತಾರೆ. ದೊಡ್ಡ ದೂರದರ್ಶಕ ಇರುವ ಕಡೆಗಳಲ್ಲೆಲ್ಲ ಗುಮ್ಮಟದ ಒಳಗಿನ ಗಾಳಿ ಹೊರಗಿನಷ್ಟೇ ತಣ್ಣಗೆ ಇರಬೇಕು ಅಂತ ಒದ್ದಾಡುತ್ತಾರೆ. ಒಳಗೆ ಬಿಸಿ ಉಳಿದರೆ ನಕ್ಷತ್ರ ಚುಕ್ಕಿಯಾಗಿ ಬರುವುದಿಲ್ಲ, ಹರಡಿಕೊಳ್ಳುತ್ತದೆ. ನಿಮ್ಮ ನರಿಗೆ ಆಗಿದ್ದೂ ಅದೇ.

ಮುಂದಿನ ಸಲ ನಸುಕಿನಲ್ಲಿ ಹೀಟರ್ ಆಫ್ ಮಾಡಿ, ನಾಲ್ಕೂ ಕಿಟಕಿ ಇಳಿಸಿ, ಒಂದು ಹದಿನೈದು ಇಪ್ಪತ್ತು ನಿಮಿಷ ಹಾಗೇ ಬಿಡಿ. ಮಕ್ಕಳಿದ್ದರೆ ಅವರನ್ನು ಟೆಂಟಲ್ಲೋ ಹೋಮ್‌ಸ್ಟೇಯಲ್ಲೋ ಬಿಟ್ಟು ಬನ್ನಿ. ಇಲ್ಲವೇ ಗಾಡಿ ಇಳಿದು ಅದರ ಮರೆಯಲ್ಲೇ ಕೂತು ತೆಗೆಯಿರಿ. ಕ್ಯಾಮೆರಾ ಬ್ಯಾಗನ್ನು ಟೆಂಟ್ ಒಳಗೆ ಸ್ಟೌ ಪಕ್ಕ ಇಡಬೇಡಿ, ಹೊರಡುವ ಅರ್ಧ ಗಂಟೆ ಮುಂಚೆಯೇ ಹೊರಗೆ ಇಡಿ. ಮಧ್ಯಾಹ್ನ ಕಂಡಿದ್ದನ್ನು ಅಗಲವಾಗಿ ತೆಗೆಯಿರಿ, ಬೆಟ್ಟ, ಕೆರೆ, ಹಿಂಡು ಎಲ್ಲ ಸೇರಿಸಿ. ತೆಗೆಯಲೇಬೇಕು ಅಂದರೆ ಸ್ವಲ್ಪ ಎತ್ತರದಿಂದ ಕೆಳಗೆ ನೋಡುವ ಜಾಗ ಹುಡುಕಿ, ನೆಲ ಸವರಿಕೊಂಡು ಹೋಗುವ ಗಾಳಿಯಲ್ಲೇ ನಡುಕ ಜಾಸ್ತಿ. ಸಾಲಾಗಿ ಇಪ್ಪತ್ತು ಮೂವತ್ತು ಫ್ರೇಮ್ ತೆಗೆದರೆ ಗಾಳಿ ಒಂದು ಕ್ಷಣ ತಿಳಿಯಾದಾಗಿನದು ಒಂದಾದರೂ ಸಿಗಬಹುದು.

ಮೂರುಕಾಲು:
ಹೀಟರ್ ವಿಷಯ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೂ ಲೆನ್ಸ್ ಒಂದು ಸಲ ಪರೀಕ್ಷೆ ಮಾಡಲೇಬೇಕು. ಮನೆ ಗೋಡೆಗೆ ನ್ಯೂಸ್‌ಪೇಪರ್ ಅಂಟಿಸಿ, 20 ಮೀಟರ್‌ನಿಂದ, ಟ್ರೈಪಾಡ್ ಮೇಲೆ, ವ್ಯೂಫೈಂಡರ್‌ನಲ್ಲಿ ಒಂದಷ್ಟು, ಲೈವ್ ವ್ಯೂನಲ್ಲಿ ಒಂದಷ್ಟು. ಅದೂ ಬೆಳಗ್ಗೆ ಬೇಗ ಮಾಡಿ.

ಬಯಲುಸೀಮೆ:
ಮಾಡಿದೆ ಸಾರ್. ಭಾನುವಾರ ಬೆಳಗ್ಗೆ ಆರಕ್ಕೆ, ತಾರಸಿ ಮೇಲೆ. ವ್ಯೂಫೈಂಡರ್, ಲೈವ್ ವ್ಯೂ ಎರಡರಲ್ಲೂ ಕ್ಲಾಸಿಫೈಡ್ಸ್‌ನ ಸಣ್ಣಕ್ಷರ ಓದಬಹುದು. ವ್ಯೂಫೈಂಡರ್‌ನದು ತುಸು ಮೆತ್ತಗೆ, ಆದರೆ ಲಡಾಖ್ ಫೋಟೊ ಹತ್ತಿರಕ್ಕೂ ಬರುವುದಿಲ್ಲ. ಆಮೇಲೆ ಮಧ್ಯಾಹ್ನ ಎರಡಕ್ಕೆ ಅದೇ ತಾರಸಿಯಿಂದ ದೂರದ ಮೊಬೈಲ್ ಟವರ್ ತೆಗೆದೆ. ಸಾಲು ಮನೆಗಳ ಕಾದ ಶೀಟುಗಳ ಮೇಲಿಂದ ಹಾಯ್ದು ಟವರ್ ಕಂಬಿ ಹಾವಿನ ಹಾಗೆ ಬಳುಕಿದೆ. ಲೆನ್ಸ್ ಸರಿ ಇದೆ. ತುಂಬಾ ತುಂಬಾ ಥ್ಯಾಂಕ್ಸ್ ಎಲ್ಲರಿಗೂ.

ಮೂರುಕಾಲು:
ತುಸು ಮೆತ್ತಗೆ ಅಂದಿರಲ್ಲ, ಅದಕ್ಕೆ +3 ಹಾಕಿ.

ಕಾಡುಪಾಪ:
ಇಲ್ಲೇ ಕೇಳಿಬಿಡುತ್ತೇನೆ, ಬೇರೆ ಚರ್ಚೆ ತೆರೆಯುವುದು ಬೇಡ. ಸೆಪ್ಟೆಂಬರ್‌ನಲ್ಲಿ ತ್ಸೊ ಮೊರಿರಿ ಕಡೆ ಟೆಂಟ್ ಹಾಕಿಕೊಂಡು ಹೋಗುತ್ತಿದ್ದೇವೆ. ರಾತ್ರಿ ಫುಲ್ ಇದ್ದ ಬ್ಯಾಟರಿ ಬೆಳಗ್ಗೆ ಅರ್ಧಕ್ಕೆ ಇಳಿದಿರುತ್ತದೆ ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ಪವರ್ ಬ್ಯಾಂಕ್ ಸಾಕಾ?

ಮಿಂಚುಳ್ಳಿ:
ನನ್ನ ಹತ್ತಿರ ಆರು ಬ್ಯಾಟರಿ ಇವೆ, ಜೊತೆಗೆ ಮಡಚುವ ಸೋಲಾರ್ ಪ್ಯಾನೆಲ್. ಮಿರರ್‌ಲೆಸ್ ಅಂದರೆ ಇಷ್ಟು ಬೇಕೇ ಬೇಕು.

ಹೊಸಕೋಟೆ_ಬಸ್:
ಚಳಿಗೆ ಬ್ಯಾಟರಿ ಒಳಗಿನ ರಸಾಯನ ಕ್ರಿಯೆ ನಿಧಾನ ಆಗುತ್ತದೆ, ಅದಕ್ಕೆ ಖಾಲಿ ಅಂತ ತೋರಿಸುತ್ತದೆ. ಚಾರ್ಜ್ ಎಲ್ಲೂ ಹೋಗಿರುವುದಿಲ್ಲ, ಬೆಚ್ಚಗಾದರೆ ಹೆಚ್ಚುಕಡಿಮೆ ವಾಪಸ್ ಬರುತ್ತದೆ. ರಾತ್ರಿ ಬ್ಯಾಟರಿಗಳನ್ನು ಕಾಲುಚೀಲದಲ್ಲಿ ಹಾಕಿ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಳ್ಳಿ, ಹಗಲು ಒಳಜೇಬಿನಲ್ಲಿ. ಪವರ್ ಬ್ಯಾಂಕ್‌ಗೂ ಅದೇ. ಕ್ಯಾಮೆರಾ ಮಾತ್ರ ಹೊರಗೆ ತಣ್ಣಗಿರಲಿ. ಟೆಂಟ್ ಒಳಗೆ ತರಲೇಬೇಕಾದರೆ ಹೊರಗೇ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ ತನ್ನಿ. ಇಲ್ಲದಿದ್ದರೆ ನಿಮ್ಮ ಉಸಿರಿನ ತೇವವೇ ಗಾಜಿನ ಮೇಲೆ ಕೂರುತ್ತದೆ.

ಕಾಡುಪಾಪ:
ಸರಿ ಸಾರ್. ಮೆಮೊರಿ ಕಾರ್ಡ್‌ಗೂ ಚಳಿ ಹೊಡೆಯುತ್ತದಾ?

ಗುಬ್ಬಚ್ಚಿ_ಗದಗ:
ಸೆಪ್ಟೆಂಬರ್‌ನಲ್ಲಿ ಕ್ರೇನ್ ಮರಿಗಳು ಇನ್ನೂ ಅಪ್ಪ ಅಮ್ಮನ ಜೊತೆಗೇ ಇರುತ್ತವೆ. ಟೆಂಟನ್ನು ಜೌಗಿನಿಂದ ದೂರ ಹಾಕಿ, ಉಳಿದ ಅನ್ನ ಸಾರು ಹೊರಗೆ ಚೆಲ್ಲಬೇಡಿ. ಅದರ ವಾಸನೆಗೇ ನಾಯಿಗಳು ಅಲ್ಲಿಗೆ ಬರುವುದು.