ಪ್ರತಿಬಂಧಕ ನರಕೋಶಗಳ ನಡುವಣ ಸಿನಾಪ್ಸ್ (ಸಂಕೇತ ದಾಟುವ ಸಂಪರ್ಕಸ್ಥಾನ) ಕೆಲವೆಡೆ ಸೊರಗುವುದೇಕೆ, ಕೆಲವೆಡೆ ಬಲಗೊಳ್ಳುವುದೇಕೆ?

ಪ್ರಶ್ನೆ:
ಇಲಿಯ ದೃಷ್ಟಿ ಕಾರ್ಟೆಕ್ಸ್‌ನ (ನೋಟವನ್ನು ನಿರ್ವಹಿಸುವ ಮಿದುಳಿನ ಹೊರಪದರದ ಭಾಗ) ಸಣ್ಣದೊಂದು ನರಜಾಲದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದೇನೆ. ತಮ್ಮೊಳಗಿನ ಗುರುತಿನ ಅಣುವಿನಿಂದ ಪಾರ್ವಾಲ್ಬುಮಿನ್, ಸೊಮಾಟೊಸ್ಟಾಟಿನ್, ವಿಐಪಿ ಎಂದು ಹೆಸರಾದ ಮೂರೂ ಬಗೆಯ ಪ್ರತಿಬಂಧಕ ಕೋಶಗಳಿಗೆ (ಇತರ ಕೋಶಗಳ ಚಟುವಟಿಕೆಯನ್ನು ತಗ್ಗಿಸುವಂಥವು) ಇದುವರೆಗೆ ಸ್ಥಿರ ಬಲದ ಸಂಪರ್ಕಗಳನ್ನೇ ಕೊಟ್ಟಿದ್ದೇನೆ. ಆದರೆ ಸೆಕೆಂಡಿಗೆ 50ರಂತೆ ಸ್ಪೈಕ್‌ಗಳು (ನರಕೋಶದ ವಿದ್ಯುತ್ ಮಿಡಿತಗಳು) ಬಂದಾಗ ಪಾರ್ವಾಲ್ಬುಮಿನ್ ಕೋಶಗಳ ಪರಸ್ಪರ ಸಂಪರ್ಕ ಬೇಗನೆ ಸೊರಗುತ್ತದೆಂದೂ, ಸೊಮಾಟೊಸ್ಟಾಟಿನ್ ಮತ್ತು ವಿಐಪಿ ಕೋಶಗಳ ನಡುವಿನದು ಬಲಗೊಳ್ಳುತ್ತದೆಂದೂ ಓದಿದೆ. ಈ ಗುಣ ಸಂಕೇತ ಕಳುಹಿಸುವ ಕೋಶದ್ದೋ, ಪಡೆಯುವ ಕೋಶದ್ದೋ? ಕೋಶದ ಪ್ರತಿ ಬಗೆಗೂ ಒಂದೊಂದು ನಿಯತಾಂಕ ಕೊಟ್ಟರೆ ಸಾಕೇ?

ಉತ್ತರ 1:
ಸಾಲದು, ಈ ಗುಣ ಕಳುಹಿಸುವ ಮತ್ತು ಪಡೆಯುವ ಕೋಶಗಳ ಜೋಡಿಗೆ ಸೇರಿದ್ದು. ಇಲಿಯ ಕಾರ್ಟೆಕ್ಸ್‌ನಲ್ಲಿ ಒಂದೇ ಪಿರಮಿಡ್ ಕೋಶದ (ಇತರ ಕೋಶಗಳನ್ನು ಉತ್ತೇಜಿಸುವ ನರಕೋಶ) ಆಕ್ಸಾನ್, ಅಂದರೆ ಸಂಕೇತ ಒಯ್ಯುವ ತಂತು, ಎರಡು ಬಗೆಯ ಪ್ರತಿಬಂಧಕ ಕೋಶಗಳನ್ನು ತಲುಪಿದಾಗ ಒಂದರಲ್ಲಿ ಪ್ರತಿಕ್ರಿಯೆ ಏರುತ್ತಾ ಹೋಗಿ ಮತ್ತೊಂದರಲ್ಲಿ ಇಳಿಯುತ್ತಾ ಹೋಗುವುದನ್ನು 1998ರಲ್ಲೇ ತೋರಿಸಲಾಯಿತು. ಅಲ್ಲಿ ಕಳುಹಿಸುವ ಕೋಶ ಒಂದೇ ಆದ್ದರಿಂದ ವ್ಯತ್ಯಾಸವನ್ನು ನಿರ್ಧರಿಸಿದ್ದು ಪಡೆಯುವ ಕೋಶ. ಸೊಮಾಟೊಸ್ಟಾಟಿನ್ ಕೋಶದ ಎಲ್ಫ್‌ಎನ್1 ಎಂಬ ಪ್ರೋಟೀನ್, ಎದುರಿನ ಆಕ್ಸಾನ್ ತುದಿಯಲ್ಲಿ ಉತ್ತೇಜಕ ರಾಸಾಯನಿಕವಾದ ಗ್ಲುಟಮೇಟ್‌ನ ಬಿಡುಗಡೆಯ ಸಾಧ್ಯತೆಯನ್ನು ತಗ್ಗಿಸುವುದು ಇದಕ್ಕೊಂದು ಸ್ಪಷ್ಟ ನಿದರ್ಶನ.

ಲೆಕ್ಕವನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ಸಿನಾಪ್ಸ್‌ನ ಬಲ ಸ್ಪೈಕ್‌ನಿಂದ ಸ್ಪೈಕ್‌ಗೆ ಬದಲಾಗುವುದನ್ನು ಲೆಕ್ಕಹಾಕುವ ತ್ಸೋಡಿಕ್ಸ್–ಮಾರ್ಕ್ರಾಮ್ ಮಾದರಿಯಲ್ಲಿ ಮೊದಲ ಸ್ಪೈಕ್ ಆಕ್ಸಾನ್ ತುದಿಯಲ್ಲಿನ ರಾಸಾಯನಿಕ ದಾಸ್ತಾನಿನ 0.5 ಭಾಗವನ್ನು ಬಳಸಿ, ಎರಡನೆಯದು ದಾಸ್ತಾನು ತುಂಬಿಕೊಳ್ಳುವ ಮೊದಲೇ ಬಂದು ಉಳಿದದ್ದರಲ್ಲೂ 0.5 ಭಾಗವನ್ನೇ ಬಳಸಿದರೆ ಅದಕ್ಕೆ ದಕ್ಕುವುದು 0.25 ಮಾತ್ರ, ಅಂದರೆ ಮೊದಲಿನದರ ಅರ್ಧ. ಆರಂಭಿಕ ಬಳಕೆ 0.1 ಆಗಿದ್ದು, ತುದಿಯಲ್ಲಿ ಉಳಿದ ಕ್ಯಾಲ್ಸಿಯಂನಿಂದ ಅದು 0.19ಕ್ಕೆ ಏರಿದರೆ, ಮಿಕ್ಕ 0.9 ದಾಸ್ತಾನಿನಿಂದ 0.171 ಹೊರಬೀಳುತ್ತದೆ, ಪ್ರತಿಕ್ರಿಯೆ ಮೊದಲಿನದಕ್ಕಿಂತ 1.7 ಪಟ್ಟು. ಪಾರ್ವಾಲ್ಬುಮಿನ್ ಕೋಶದ ತುದಿಗಳು ಮೊದಲ ಸ್ಪೈಕ್‌ಗೇ ಪ್ರತಿಬಂಧಕ ರಾಸಾಯನಿಕವಾದ ಗಾಬಾವನ್ನು ಧಾರಾಳವಾಗಿ ಸುರಿಯುತ್ತವೆ, ಆದ್ದರಿಂದಲೇ ಸೊರಗುತ್ತವೆ.

ಉತ್ತರ 2:
ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಆದರೆ ಪ್ರಕಟಿತ ಸಂಖ್ಯೆಗಳನ್ನು ಹಾಗೆಯೇ ಮಾದರಿಗೆ ಇಳಿಸಬೇಡಿ. ಮಿದುಳಿನ ತೆಳು ಹೋಳುಗಳ ಮೇಲಿನ ಅನೇಕ ಪ್ರಯೋಗಗಳಲ್ಲಿ ದ್ರಾವಣದ ಕ್ಯಾಲ್ಸಿಯಂ 2 ಮಿಲಿಮೋಲಾರ್ ಇರುತ್ತದೆ, ಜೀವಂತ ಮಿದುಳಿನಲ್ಲಿ ಅದು ಸುಮಾರು 1.2ರ ಆಸುಪಾಸಿನಲ್ಲಿದೆ. ಹೆಚ್ಚಿನ ಕ್ಯಾಲ್ಸಿಯಂ ಮೊದಲ ಬಿಡುಗಡೆಯನ್ನೇ ಹಿಗ್ಗಿಸುವುದರಿಂದ ಸೊರಗುವಿಕೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನನ್ನ ಮಟ್ಟಿಗೆ, ಈ ವಿವರವನ್ನೇ ನಮೂದಿಸದೆ ನಿಯತಾಂಕಗಳ ಪಟ್ಟಿ ಕೊಡುವುದು ಅರ್ಧ ಮಾಹಿತಿ ಕೊಟ್ಟಂತೆ. ಪೊರೆಯ ವೋಲ್ಟೇಜ್ ಕ್ಲೋರೈಡ್‌ನ ಸಮತೋಲನ ಬಿಂದುವಿಗೆ (ಕ್ಲೋರೈಡ್‌ನ ನಿವ್ವಳ ಹರಿವು ನಿಲ್ಲುವ ವೋಲ್ಟೇಜ್) ಹತ್ತಿರವಿದ್ದಾಗ ಗಾಬಾ ಪ್ರತಿಕ್ರಿಯೆಯೇ ತೀರ ಚಿಕ್ಕದಾಗಿರುತ್ತದೆ ಎಂಬುದನ್ನೂ ಗಮನಿಸಿ, ಏಕೆಂದರೆ ಆಗ ಎರಡು ಪ್ರತಿಕ್ರಿಯೆಗಳ ಅನುಪಾತವನ್ನು ಮಾಪನದ ಗದ್ದಲವೇ (ಯಾದೃಚ್ಛಿಕ ಏರಿಳಿತ) ನಿರ್ಧರಿಸಿಬಿಡಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಜೋಡಿಗೊಂದರಂತೆ ಒಟ್ಟು ಒಂಬತ್ತು ನಿಯತಾಂಕ ಗುಂಪುಗಳು ಬೇಕಾಗುತ್ತವೆ. ಎಲ್ಲವೂ ಜಾಲದ ವರ್ತನೆಯನ್ನು ಬದಲಿಸುತ್ತವೆಯೇ?

ಉತ್ತರ 3:
ಸೊಮಾಟೊಸ್ಟಾಟಿನ್ ಕೋಶಗಳು ಪರಸ್ಪರ ಬಹಳ ವಿರಳವಾಗಿ ಪ್ರತಿಬಂಧಿಸುವುದರಿಂದ ಆ ಗುಂಪನ್ನು ಸದ್ಯಕ್ಕೆ ಬಿಡಬಹುದು. ಮೊದಲು ಸೊಮಾಟೊಸ್ಟಾಟಿನ್–ವಿಐಪಿ ಜೋಡಿಯನ್ನು ಎರಡೂ ದಿಕ್ಕಿನಲ್ಲಿ ಸರಿಯಾಗಿ ಹಾಕಿ. ಅಲ್ಲಿ ಹೆಚ್ಚು ಹೊತ್ತು ಮಿಡಿಯುತ್ತಿರುವ ಕೋಶದ ಹಿಡಿತ ಬಿಗಿಯಾಗುತ್ತಾ ಹೋಗುವುದರಿಂದ ಎದುರಾಳಿ ಮೌನವಾಗುವ ಪೈಪೋಟಿ ಹುಟ್ಟುತ್ತದೆ, ಸ್ಥಿರ ಬಲದ ಮಾದರಿಯಲ್ಲಿ ಅದರ ತೀವ್ರತೆ ಬಹುಮಟ್ಟಿಗೆ ಕಾಣದು. ಪಾರ್ವಾಲ್ಬುಮಿನ್ ಕೋಶಗಳ ವಿಷಯದಲ್ಲಿ ಇನ್ನೊಂದು ಮಾತು: 1999ರಲ್ಲಿ ವರದಿಯಾದಂತೆ ಅವುಗಳ ನಡುವೆ ನೇರ ವಿದ್ಯುತ್ ಸಂಪರ್ಕಗಳೂ ಇವೆ, ಮತ್ತು ಗಾಬಾ ಸಂಪರ್ಕ ಸೊರಗಿದ ಮೇಲೂ ಅವು ಉಳಿಯುತ್ತವೆ. ಅವನ್ನು ಬಿಟ್ಟು ರಾಸಾಯನಿಕ ಸಂಪರ್ಕದ ಸೊರಗುವಿಕೆಯನ್ನು ಮಾತ್ರ ಸೇರಿಸಿದರೆ ಆ ಕೋಶಗಳು ಒಟ್ಟಾಗಿ ಮಿಡಿಯುವ ಲಯವನ್ನು ನಿಮ್ಮ ಮಾದರಿ ತಪ್ಪಾಗಿ ತೋರಿಸಬಹುದು.