ಐಡಿ ಫ್ಯಾನ್ 960 ಆರ್‌ಪಿಎಂಗೆ ಬಂದರೆ ಸಾಕು, ಅದುರಾಟ. ಬ್ಯಾಲೆನ್ಸಿಂಗ್ ಮಾಡಿಸಿದರೂ ನಿಲ್ಲುತ್ತಿಲ್ಲ

ಬಾಯ್ಲರ್_ಫಿಟ್ಟರ್:
ಸಕ್ಕರೆ ಕಾರ್ಖಾನೆ, ಬಾಯ್ಲರ್‌ನ ಐಡಿ ಫ್ಯಾನ್ (ಹೊಗೆ ಎಳೆದು ಚಿಮಣಿಗೆ ತಳ್ಳುವ ಫ್ಯಾನ್). 4 ಪೋಲ್ ಮೋಟಾರು. ಹೋದ ವರ್ಷದವರೆಗೆ 1480ರಲ್ಲೇ ಓಡುತ್ತಿತ್ತು, ಗಾಳಿಯನ್ನು ಡ್ಯಾಂಪರ್‌ನಲ್ಲಿ (ದಾರಿ ಕಿರಿದು ಮಾಡುವ ಬಾಗಿಲಿನಲ್ಲಿ) ಹಿಡಿಯುತ್ತಿದ್ದೆವು. ಈ ಹಂಗಾಮಿಗೆ ವಿಎಫ್‌ಡಿ (ಕರೆಂಟಿನ ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಹೆಚ್ಚು ಕಮ್ಮಿ ಮಾಡುವ ಪೆಟ್ಟಿಗೆ) ಹಾಕಿದರು. ಈಗ 960ರ ಹತ್ತಿರ ಪೆಡೆಸ್ಟಲ್ (ಬೇರಿಂಗ್ ಹೊತ್ತ ಪೀಠ) ಅಡ್ಡಕ್ಕೆ ಸೆಕೆಂಡಿಗೆ 13 ಮಿ.ಮೀ. ಅದುರಾಟ ತೋರಿಸುತ್ತದೆ, ಮೇಲೆ-ಕೆಳಗೆ ಬರೀ 3. 1480ಕ್ಕೆ ಒಯ್ದರೆ ಅಡ್ಡಕ್ಕೂ 2.5, ಹಾಯಾಗಿದೆ. ಎರಡು ಸಲ ಬ್ಯಾಲೆನ್ಸಿಂಗ್ (ತಿರುಗುವ ಚಕ್ರದ ತೂಕ ಸರಿದೂಗಿಸುವುದು) ಆಯ್ತು. ಆವತ್ತು ಇಳಿಯುತ್ತದೆ, ಮಾರನೇ ದಿನ ಮತ್ತೆ ಅದೇ ಗೋಳು. ಸಾಹೇಬರು ವಿಎಫ್‌ಡಿಯೇ ಕೆಟ್ಟಿದೆ ಅಂತಾರೆ. ಗೇಟಿನಾಚೆ ಕಬ್ಬಿನ ಲಾರಿ ಸಾಲುಗಟ್ಟಿವೆ. ಏನು ಮಾಡಲಿ?

ಗ್ರೀಸ್‌ಗನ್:
ಬೇರಿಂಗ್ ಬದಲಾಯಿಸಿ ನೋಡಿ.

ಹಳೇ_ಮಿಲ್‌ರೈಟ್:
ಬೇರಿಂಗ್ ಮುಟ್ಟಬೇಡಿ ತಮ್ಮಾ. ಬೇರಿಂಗ್ ಹೋಗಿದ್ದರೆ 1480ರಲ್ಲಿ ಸುಮ್ಮನಿರುತ್ತಿತ್ತಾ? ಇದು ರೆಸೊನೆನ್ಸ್, ಅಂದರೆ ಪೆಡೆಸ್ಟಲ್‌ನ ಸಹಜ ಅದುರಾಟವೂ ಫ್ಯಾನಿನ ವೇಗವೂ ಒಂದೇ ಆಗಿ ಅದುರಾಟ ಉಬ್ಬುವುದು. ಕಾಯಿಲೆ ಹಳೇದೇ. ಮೊದಲು ಸ್ಟಾರ್ಟ್ ಮಾಡುವಾಗ 960ನ್ನು ಕ್ಷಣದಲ್ಲಿ ದಾಟಿ ಹೋಗುತ್ತಿದ್ದಿರಿ, ಈಗ ಅಲ್ಲೇ ಬಿಡಾರ ಹೂಡಿದ್ದೀರಿ. 960 ಅಂದರೆ ಸೆಕೆಂಡಿಗೆ 16 ಸುತ್ತು, 16 ಹರ್ಟ್ಸ್. ಅಲ್ಲಿ ವೇಗ ಸ್ವಲ್ಪ ಆಚೀಚೆ ಆದರೂ ಫೇಸ್ (ತೂಕ ಎಲ್ಲಿ ಕೂರಿಸಬೇಕೆಂದು ಹೇಳುವ ಅದುರಾಟದ ಕೋನ) ಎಲ್ಲೆಲ್ಲಿಗೋ ಹೋಗುತ್ತದೆ. ಬ್ಯಾಲೆನ್ಸಿಂಗ್ ನಿಲ್ಲದಿರುವುದು ಅದಕ್ಕೇ.

ಫ್ಯಾನ್ ನಿಲ್ಲಿಸಿ, ಮೇನ್ ಲಾಕ್ ಮಾಡಿ, ಪೆಡೆಸ್ಟಲ್‌ಗೆ ಸೆನ್ಸರ್ ಅಂಟಿಸಿ ಮರದ ಕೊಡತಿಯಲ್ಲಿ ಅಡ್ಡಕ್ಕೆ ಹೊಡೆಯಿರಿ. ತೆಂಗಿನಕಾಯಿ ತಟ್ಟಿ ನೋಡೋ ಹಾಗೆ, ಅಷ್ಟೇ. ಕಬ್ಬಿಣದ ಸುತ್ತಿಗೆ ಬೇಡ. ಪಕ್ಕದ ಫ್ಯಾನೂ ನಿಂತಿದ್ದರೆ ಒಳ್ಳೇದು, ಇಲ್ಲದಿದ್ದರೆ ಅದರ ಅದುರಾಟವೂ ಸೇರಿಕೊಳ್ಳುತ್ತದೆ. ಪೀಕ್ (ಅದುರಾಟ ಅತಿ ಹೆಚ್ಚು ಕಾಣುವ ಹರ್ಟ್ಸ್) 16ರ ಸುತ್ತ ಬಂದರೆ ಮುಗೀತು, ಅದೇ ಕಾರಣ. ಹಾಗೇ ಬೋಲ್ಟು, ಗ್ರೌಟು (ಪೀಠದಡಿ ತುಂಬಿದ ಗಾರೆ) ನೋಡಿ.

ಬಾಯ್ಲರ್_ಫಿಟ್ಟರ್:
ಸರ್, 16.1 ಬಂತು! ಮೋಟಾರಿನಿಂದ ಆಚೆ ಕಡೆಯ ಪೆಡೆಸ್ಟಲ್‌ನಲ್ಲಿ ಎರಡು ಬೋಲ್ಟು ಸಡಿಲ, ಗ್ರೌಟು ಕೈಯಲ್ಲೇ ಉದುರಿತು. ಬಿಗಿ ಮಾಡಿದೆ. 960ರಲ್ಲಿ 5ಕ್ಕೆ ಇಳಿದಿದೆ. ಆದರೆ ಈಗ 1040ರಲ್ಲಿ 11!

ಹಳೇ_ಮಿಲ್‌ರೈಟ್:
ಬಿಗಿಯಾದ ಮೇಲೆ ಪೀಕ್ ಮೇಲಕ್ಕೆ ಜರುಗಿದೆ, ಸರಿಯಾಗೇ ಇದೆ. ಸದ್ಯಕ್ಕೆ ವಿಎಫ್‌ಡಿಯಲ್ಲಿ 33.5ರಿಂದ 36.5 ಹರ್ಟ್ಸ್ ಸ್ಕಿಪ್ ಹಾಕಿ (ಆ ವೇಗದಲ್ಲಿ ನಿಲ್ಲದೆ ದಾಟುವ ಹಾಗೆ; ಇದು ಕರೆಂಟಿನ ಹರ್ಟ್ಸ್, 4 ಪೋಲ್ ಮೋಟಾರು ಸೆಕೆಂಡಿಗೆ ಅದರ ಸುಮಾರು ಅರ್ಧದಷ್ಟು ಸುತ್ತು ತಿರುಗುತ್ತದೆ), ಲಾರಿಗಳು ಒಳಗೆ ಬರಲಿ. ಹಂಗಾಮು ಮುಗಿದ ಮೇಲೆ ಹೊಸ ಗ್ರೌಟು ಹಾಕಿಸಿ, ಪೆಡೆಸ್ಟಲ್‌ಗೆ ಅಡ್ಡಕ್ಕೆ ದಪ್ಪ ಗಸೆಟ್ (ಮೂಲೆಗೆ ಊರೆ ಕೊಡುವ ತಗಡು) ಬೆಸುಗೆ ಮಾಡಿಸಿ. ಆದರೆ ಅಂದಾಜಿನಲ್ಲಿ ಮಾಡಬೇಡಿ. ಅರ್ಧಂಬರ್ಧ ಬಿಗಿಯಾದರೆ ಪೀಕ್ ಹೋಗಿ 24.7ರ (1480ರ ಹರ್ಟ್ಸ್) ಹತ್ತಿರ ಕೂರುತ್ತದೆ, ಆಗ 1480ರಲ್ಲೂ ಅದುರುತ್ತದೆ. ಬೆಸುಗೆ ಆದ ಮೇಲೆ ಮತ್ತೆ ಕೊಡತಿ ಹಿಡಿಯಿರಿ.