ಫ್ರೀಜ್ ಟೈಮಲ್ಲಿ ಹೊಸ ವರ್ಷನ್ ಅನ್‌ಸ್ಟೇಬಲ್‌ಗೆ ತಳ್ಬಿಟ್ಟೆ, ಈಗೇನ್ ಮಾಡ್ಲಿ?

ಪ್ರಶ್ನೆ (2025ರಲ್ಲಿ, ಟ್ರಿಕ್ಸಿ ರಿಲೀಸ್ ಆಗೋ ಮುಂಚೆ ಕೇಳಿದ್ದು):
ಡೆಬಿಯನ್‌ನಲ್ಲಿ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಒಂದು ಚಿಕ್ಕ ಪ್ಯಾಕೇಜ್ ನೋಡ್ಕೋತೀನಿ. ಇಲ್ಲಿ ಹೊಸ ವರ್ಷನ್ ಮೊದ್ಲು ಅನ್‌ಸ್ಟೇಬಲ್‌ಗೆ ಹೋಗಿ, ಅಲ್ಲಿಂದ ಮುಂದಿನ ರಿಲೀಸ್ ತಯಾರಾಗೋ ಟೆಸ್ಟಿಂಗ್‌ಗೆ ಬರತ್ತೆ. ಮುಂದಿನ ರಿಲೀಸ್ ಆದ ಟ್ರಿಕ್ಸಿ ಈಗ ಟೆಸ್ಟಿಂಗ್‌ನಲ್ಲಿದೆ, ಅದ್ರಲ್ಲಿ ಇರೋದು 2.3, ಅಪ್‌ಸ್ಟ್ರೀಮ್‌ನವ್ರು (ಮೂಲ ಸಾಫ್ಟ್‌ವೇರ್ ಬರೆಯೋರು) 2.4 ಬಿಟ್ರು ಅಂತ ಖುಷೀಲಿ ಅದನ್ನ ಅನ್‌ಸ್ಟೇಬಲ್‌ಗೆ ಹಾಕ್ಬಿಟ್ಟೆ, 2025ರ ಮೇ 15ಕ್ಕೇ ಹಾರ್ಡ್ ಫ್ರೀಜ್ (ರಿಲೀಸ್‌ಗೆ ಮುಂಚೆ ಬದಲಾವಣೆಗೆ ಕಡಿವಾಣ ಹಾಕೋ ಹಂತ) ಶುರುವಾಗಿದ್ದು ತಲೇಲೇ ಇರ್ಲಿಲ್ಲ. ಈಗ ನೋಡಿದ್ರೆ 2.3ಕ್ಕೆ ಆರ್‌ಸಿ ಬಗ್ (ರಿಲೀಸ್‌ಗೇ ಅಡ್ಡಿಯಾಗೋ ಗಂಭೀರ ದೋಷ) ಬಿದ್ದಿದೆ: ಅಪ್‌ಗ್ರೇಡ್ ಮಾಡಿದ್ರೆ ಯೂಸರ್ ತಿದ್ದಿಟ್ಟಿರೋ ಕಾನ್ಫಿಗ್ ಫೈಲ್ ಅಳಿಸಿ ಹೋಗತ್ತೆ. ಫಿಕ್ಸ್ ಪೋಸ್ಟ್‌ಇನ್‌ಸ್ಟ್‌ನಲ್ಲಿ (ಇನ್‌ಸ್ಟಾಲ್ ಆದ್ಮೇಲೆ ಓಡೋ ಸ್ಕ್ರಿಪ್ಟ್) ಬರೀ ಎರಡು ಸಾಲು. 2.4 ಮೇಲೇ ಫಿಕ್ಸ್ ಹಾಕಿ ಅನ್‌ಬ್ಲಾಕ್ (ಫ್ರೀಜ್ ದಾಟಿ ಟೆಸ್ಟಿಂಗ್‌ಗೆ ಬಿಡೋಕೆ ರಿಲೀಸ್ ಟೀಮ್‌ನ ಅನುಮತಿ) ಕೇಳಿದ್ರೆ ಕೊಡ್ತಾರಾ?

ಉತ್ತರ 1:
ಕೊಡೋದು ಡೌಟು. ರಿಲೀಸ್ ಟೀಮ್‌ನವ್ರು ಮೊದ್ಲು ನೋಡೋದೇ ಡೆಬ್‌ಡಿಫ್, ಅಂದ್ರೆ ಟೆಸ್ಟಿಂಗ್‌ನಲ್ಲಿ ಇರೋದಕ್ಕೂ ನೀವು ಹಾಕಿರೋದಕ್ಕೂ ಏನ್ ವ್ಯತ್ಯಾಸ ಅಂತ. ಎರಡು ಸಾಲಿನ ಫಿಕ್ಸ್‌ಗೆ ಅಪ್‌ಸ್ಟ್ರೀಮ್‌ನ ಸಾವಿರಾರು ಸಾಲು ಜೊತೆಗೆ ಕೊಟ್ರೆ ಓದೋರ್ ಯಾರು ಹೇಳಿ. ವರ್ಷನ್ ಹಿಂದಕ್ಕೆ ಹೋಗೋ ಹಾಗಿಲ್ವಲ್ಲ, ಅದಕ್ಕೆ 2.3ರ ಸೋರ್ಸ್‌ಗೆ ಫಿಕ್ಸ್ ಸೇರ್ಸಿ 2.4+ರಿಯಲಿ2.3-1 ಅಂತ ಹೆಸರಿಟ್ಟು ಅಪ್‌ಲೋಡ್ ಮಾಡಿ. ನೋಡೋಕೆ ಗಲೀಜು, ಆದ್ರೆ ಕೆಲ್ಸ ಆಗತ್ತೆ. ಎಪಾಕ್ (ವರ್ಷನ್ ಮುಂದೆ 1: ಅಂತ ಸೇರಿಸೋ ಸಂಖ್ಯೆ) ಮಾತ್ರ ಮುಟ್ಬೇಡಿ, ಒಂದ್ಸಲ ಹಾಕಿದ್ರೆ ಅದು ಜನ್ಮಕ್ಕಂಟಿದ ಹಾಗೆ.

ಉತ್ತರ 2:
ಮೇಲಿನವ್ರು ಹೇಳಿದ್ದು ಸರಿ. ಆದ್ರೆ ನಿಮ್ದು ಕೀ ಪ್ಯಾಕೇಜ್ (ಡೆಬಿಯನ್‌ಗೆ ಮುಖ್ಯ ಅಂತ ಗುರುತಿಸಿರೋದು) ಅಲ್ದೆ, ಆಟೋಪಿಕೆಜಿಟೆಸ್ಟ್ (ಪ್ಯಾಕೇಜ್ ಜೊತೆ ಬರೋ, ತಾನಾಗೇ ಓಡೋ ಟೆಸ್ಟ್) ಇದ್ದು ಪಾಸ್ ಆಗ್ತಿದ್ರೆ ಹಾರ್ಡ್ ಫ್ರೀಜ್‌ನಲ್ಲೂ ಅನ್‌ಬ್ಲಾಕ್ ಕೇಳ್ದೇನೇ ತಾನಾಗೇ ಟೆಸ್ಟಿಂಗ್‌ಗೆ ಹೋಗತ್ತೆ, ನಿಧಾನ ಅಷ್ಟೇ. ಹಾಗಂತ 2.4 ನುಗ್ಸೋಕೆ ಅದನ್ನ ಬಳಸ್ಬೇಡಿ ಮತ್ತೆ! ಫುಲ್ ಫ್ರೀಜ್ ಬಂದ್ಮೇಲೆ ಆ ದಾರೀನೂ ಮುಚ್ಚತ್ತೆ, ಎಲ್ಲದಕ್ಕೂ ಕೈಯಾರೆ ಅನ್‌ಬ್ಲಾಕ್ ಆಗ್ಬೇಕು. ಫ್ರೀಜ್‌ನಲ್ಲಿ ಹೊಸ ವರ್ಷನ್ ಹಾಕ್ಲೇಬೇಕು ಅನ್ಸಿದ್ರೆ ಎಕ್ಸ್‌ಪೆರಿಮೆಂಟಲ್ (ಟೆಸ್ಟಿಂಗ್‌ಗೆ ಹೋಗದ, ಪ್ರಯೋಗಕ್ಕೆ ಇರೋ ಬೇರೆ ಜಾಗ) ಇರೋದು ಅದಕ್ಕೇ ಅಲ್ವಾ.

ಪ್ರಶ್ನೆ ಕೇಳಿದವರು:
ಟೆಸ್ಟ್ ಒಂದೂ ಬರ್ದಿಲ್ಲ, ಬೈಬೇಡಿ. +ರಿಯಲಿ ವರ್ಷನ್ ಅಪ್‌ಲೋಡ್ ಮಾಡಿದ್ದೀನಿ, ರಿಪೋರ್ಟ್‌ಬಗ್‌ನಲ್ಲಿ (ಡೆಬಿಯನ್‌ಗೆ ಬಗ್ ಕಳ್ಸೋ ಪ್ರೋಗ್ರಾಂ) ರಿಲೀಸ್ ಟೀಮ್ ಹೆಸರಿಗೆ ಅನ್‌ಬ್ಲಾಕ್ ಬಗ್ ಹಾಕಿ ಡೆಬ್‌ಡಿಫ್ ಅಂಟ್ಸಿದ್ದೀನಿ. ಚೇಂಜ್‌ಲಾಗ್ ಬಿಟ್ರೆ ಅದೇ ಎರಡು ಸಾಲು. ಈಗ 2.4ನ ಎಕ್ಸ್‌ಪೆರಿಮೆಂಟಲ್‌ಗೆ ಹಾಕ್ಬಹುದಾ?

ಉತ್ತರ 1:
ಬರೀ 2.4 ಅಂತ ಹಾಕೋಕಾಗಲ್ಲ, ಅನ್‌ಸ್ಟೇಬಲ್‌ನಲ್ಲಿ ಇರೋ +ರಿಯಲಿ ಅದಕ್ಕಿಂತ ದೊಡ್ದು. 2.4+ರಿಯಲಿ2.4-1 ಅಂತ ನಗು ಬರೋ ಹೆಸರಿಡಿ, ಇಲ್ಲಾ 2.5 ಬರ್ಲಿ ಅಂತ ಕಾಯಿರಿ. ನಾನಾಗಿದ್ರೆ ಕಾಯ್ತಿದ್ದೆ.